ಡಚ್ ಭಾಷೆಯಲ್ಲಿ ಅತಿಶಯರೂಪದ ಕ್ರಿಯಾವಿಶೇಷಣತ್ವ

ಅನೇಕರಲ್ಲಿ ಒಬ್ಬನ ಗುಣವು ಮಿಕ್ಕವರೆಲ್ಲರ ಗುಣವನ್ನು ಮೀರಿದುದೆಂದು ತಿಳಿಸುವುದಕ್ಕೆ ಪಾಣಿನಿಯು (5-3-55) ತಮಪ್, ಇಷ್ಠನ್ ಎಂಬೆರಡು ಪ್ರತ್ಯಯಗಳನ್ನು ವಿಧಿಸಿರುವನೆಂಬುದು ವಿದ್ವಾಂಸರಿಗೆ ವಿದಿತವೇ ಇದೆ. ಹಾಲೆಂಡಿನ ಡಚ್ ಭಾಷೆಯಲ್ಲಿ ಇದೇ ಅರ್ಥಕ್ಕೆ ಬರುವ ‘ಸ್ಟ್’ ಎಂಬುದು ಇಷ್ಠನ್ನಿಗೆ ದಾಯಾದಿಯಾದ ಪ್ರತ್ಯಯ. ‘ಸ್ವಾದಿಷ್ಠ’, ‘ಜೂಟ್‌ಸ್ಟ್’ (ಅತ್ಯಂತ ಸಿಹಿಯಾದ) ಎಂಬೀ ಶಬ್ದಗಳಲ್ಲಿ ಪ್ರಕೃತಿಪ್ರತ್ಯಯಗಳೆರಡೂ ಸಮಾನಮೂಲದವು. ಈ ರೂಪವು ಕ್ರಿಯೆಗೆ ವಿಶೇಷಣವಾದಾಗ ಹೇಗೆ ವರ್ತಿಸುವುದೆಂಬುದು ಇಲ್ಲಿ ವಿಚಾರಿಸತಕ್ಕ ವಿಷಯ. ಕೆಳದಿಯ ನಾಯಕರ ಕಾಲದಲ್ಲಿ ಬಸರೂರಿನಲ್ಲಿ ವ್ಯಾಪಾರ ನಡೆಸಿದ ಡಚ್ ಕಂಪನಿಯ ಕಾಗದಪತ್ರಗಳನ್ನು ಓದಬಯಸುವ ನಮ್ಮ ಇತಿಹಾಸಕಾರರಿಗೂ ಇದು ಉಪಯುಕ್ತವಾದೀತು.

‘ದೆ ಮೋಯ್‌ಸ್ಟೆ ಬ್ಲೂಮ್’ (ಅತ್ಯಂತ ಸುಂದರವಾದ ಹೂವು) ಎಂಬಲ್ಲಿ ಅತಿಶಯವು ದ್ರವ್ಯಗತವಾದುದು. ‘ಜೆಯ್ ಜಿಂಗ್ಟ್ ಹೆಟ್ ಮೋಯ್‌ಸ್ಟ್’ (ಅವಳು ಎಲ್ಲರಿಗಿಂತ ಇಂಪಾಗಿ ಹಾಡುತ್ತಾಳೆ) ಎಂಬಲ್ಲಿ ಕ್ರಿಯಾಗತವಾದುದು. ಇಲ್ಲಿನ ‘ಹೆಟ್’ ನಪುಂಸಕ ಏಕವಚನದ ಉಪಪದವೇ ಹೊರತು ಕರ್ಮಪದವಲ್ಲ. ಅದನ್ನು ‘ಅದನ್ನು’ ಎಂದು ಅನುವಾದಿಸಲಾಗದು. ಕರ್ತೃಪದವು ಬಹುವಚನವಾದರೂ ‘ಹೆಟ್ ಮೋಯ್‌ಸ್ಟ್’ ಬದಲಾಗುವುದಿಲ್ಲ. ಸಂಸ್ಕೃತದಲ್ಲಿಯೂ ಕ್ರಿಯಾವಿಶೇಷಣವು ನಪುಂಸಕ ಏಕವಚನದಲ್ಲಿಯೇ ನಿಲ್ಲುವುದಷ್ಟೆ. ಆದರೆ ಸಂಸ್ಕೃತವು ‘ಪಚತಿತಮಾಂ’ ಎಂದು ಕ್ರಿಯಾಪದಕ್ಕೇ ಪ್ರತ್ಯಯವನ್ನು ಹತ್ತಿಸಬಲ್ಲುದು (5-3-56, 5-4-11). ಡಚ್ಚಿಗೆ ಆ ಸಾಮರ್ಥ್ಯವಿಲ್ಲ. ‘ಹೆಟ್ ಮೋಯ್‌ಸ್ಟೆ’ ಎಂದು ಎಕಾರವನ್ನು ಸೇರಿಸಿ ಹೇಳುವುದೂ ಉಂಟಾದುದರಿಂದ ಅರ್ಥನಿರ್ಣಯಕ್ಕೆ ಅನ್ವಯವೇ ಪ್ರಮಾಣ.

ಒಂದು ವಸ್ತುವನ್ನು ಅದರದೇ ಬೇರೆ ಅವಸ್ಥೆಗಳೊಡನೆ ಹೋಲಿಸುವಾಗ ‘ಓಪ್ ಜೆಯ್ನ್ ಮೋಯ್‌ಸ್ಟ್’ ಎಂಬ ರಚನೆ ಬರುವುದು. ತೋಟವು ಮೇ ತಿಂಗಳಲ್ಲಿ ಹಾಗಿರುವುದೆಂದರೆ, ಅದರ ಚೆಲುವು ಆಗ ಪರಾಕಾಷ್ಠೆಯಲ್ಲಿರುವುದೆಂದರ್ಥ. ಇತರ ತೋಟಗಳ ಮಾತೇ ಅಲ್ಲಿಲ್ಲ.

ಕೆಲವು ರೂಪಗಳಲ್ಲಿ ಹೋಲಿಕೆಯೇ ಅಳಿದುಹೋಗಿದೆ. ‘ಹೋಖ್‌ಸ್ಟ್’ ಎಂಬುದು ವಿಶೇಷಣದ ಹಿಂದೆ ಬಂದಾಗ ‘ಅತಿ’ ಎಂಬಷ್ಟೇ ಅರ್ಥ. ‘ಬೆಸ್ಟ್ ಆರ್ಡಿಖ್’ ಎಂದರೆ ‘ತಕ್ಕಮಟ್ಟಿಗೆ ಚೆನ್ನಾಗಿದೆ’ ಎಂದೇ ಹೊರತು ‘ಅತ್ಯುತ್ತಮ’ವೆಂದಲ್ಲ, ಅತಿಶಯವಾಚಕವೇ ಮಿತಿವಾಚಕವಾಗಿ ಪರಿಣಮಿಸಿದೆ. ಇದೇ ಪ್ರತ್ಯಯದಿಂದ ಬೆಳೆದ ‘ಹೋಖ್‌ಸ್ಟೆನ್ಸ್’ ಎಂದರೆ ‘ಹೆಚ್ಚೆಂದರೆ’, ‘ಮಿನ್‌ಸ್ಟೆನ್ಸ್’ ಎಂದರೆ ‘ಕಡಮೆಯೆಂದರೂ’. ಪರಿಮಾಣವನ್ನು ಹೇಳುವ ಲೇಖದಲ್ಲಿ ಇವುಗಳ ಅರ್ಥ ತಪ್ಪಿದರೆ ಲೆಕ್ಕವೇ ತಪ್ಪುವುದು.

ಕನ್ನಡದಲ್ಲಿ ಇಂತಹ ದೇಶ್ಯ ಪ್ರತ್ಯಯವಿಲ್ಲ. ‘ಎಲ್ಲರಿಗಿಂತ’ ಎಂದು ಅವಧಿಯನ್ನು ಬಾಯಿಬಿಟ್ಟು ಹೇಳಲೇಬೇಕು. ಆದುದರಿಂದ ಅನುವಾದಕನು ಮೊದಲು ಅವಧಿಯನ್ನು ಹುಡುಕತಕ್ಕದ್ದು. ಅದು ಇತರರೆ, ತನ್ನದೇ ಅವಸ್ಥಾಂತರವೆ, ಅಥವಾ ಯಾವುದೂ ಇಲ್ಲವೆ ಎಂಬುದು ನಿಶ್ಚಯವಾದರೆ ಕನ್ನಡದ ಮಾತು ತಾನಾಗಿ ಒದಗುವುದು.