ಹೋಳಿಗೆಯ ಬೇಳೆಯೂ ಉಷ್ಣದ ಲೆಕ್ಕವೂ

ಯುಗಾದಿಯ ಅಡಿಗೆಯಲ್ಲಿ ಉಳಿದುದಕ್ಕೆಲ್ಲ ಆಧಾರವಾದುದು ಹೋಳಿಗೆಯ ಬೇಳೆ. ಅದು ಬೆಂದ ಮೇಲೆಯೇ ಕಟ್ಟು ಬಸಿಯಬೇಕು, ಹೂರಣ ಅರೆಯಬೇಕು, ಒಬ್ಬಟ್ಟಿನ ಸಾರಿಗೆ ಒಗ್ಗರಣೆ ಬೀಳಬೇಕು. ಬೇಳೆ ಹಟ ಹಿಡಿಯಿತೆಂದರೆ ಎಲೆ ಹಾಕುವ ಹೊತ್ತು ಮೀರುತ್ತದೆ. ಆಗ ಉರಿಯನ್ನು ಹೆಚ್ಚಿಸುವುದು ವಾಡಿಕೆ. ಇದರಿಂದ ಬೇಳೆ ಬೇಗ ಬೇಯುವುದೆ?

ತೆರೆದ ಪಾತ್ರೆಯಲ್ಲಿ ನೀರು ಒಮ್ಮೆ ಕುದಿಯತೊಡಗಿದ ಮೇಲೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ಅದರ ಉಷ್ಣತೆ ಏರುವುದಿಲ್ಲ. ಕಡಲತೀರದ ಮಂಗಳೂರಿನಲ್ಲಿ ಅದು 100 ಡಿಗ್ರಿ ಸೆಂಟಿಗ್ರೇಡ್. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾಯುವಿನ ಒತ್ತಡ ಕಡಮೆಯಾದುದರಿಂದ ಸುಮಾರು 97 ಡಿಗ್ರಿ. ಹೆಚ್ಚಿನ ಉರಿಯೆಲ್ಲ ನೀರನ್ನು ಆವಿಯಾಗಿಸಲು ವ್ಯಯವಾಗುತ್ತದೆ. 25 ಡಿಗ್ರಿಯ ಒಂದು ಲೀಟರ್ ನೀರನ್ನು 100 ಡಿಗ್ರಿಗೆ ತರಲು 75 ಕಿಲೋಕ್ಯಾಲೊರಿ ಉಷ್ಣ ಸಾಕು. ಅದರಲ್ಲಿ ಕಾಲು ಲೀಟರನ್ನು ಆವಿಯಾಗಿಸಲು 135 ಕಿಲೋಕ್ಯಾಲೊರಿ ಬೇಕು! ಆದುದರಿಂದ ಕುದಿ ಬಂದೊಡನೆ ಮುಚ್ಚಳವಿಟ್ಟು ಉರಿಯನ್ನು ತಗ್ಗಿಸಿದರೆ ಬೇಳೆ ಅಷ್ಟೇ ಹೊತ್ತಿನಲ್ಲಿ ಬೇಯುತ್ತದೆ, ಉರುವಲು ಉಳಿಯುತ್ತದೆ.

ಹೊತ್ತೂ ಉಳಿಯಬೇಕಾದರೆ ಕುದಿಬಿಂದುವನ್ನೇ ಏರಿಸಬೇಕು. 1679ರಲ್ಲಿ ಫ್ರಾನ್ಸಿನ ಡೆನಿ ಪಾಪಿನ್ ಆವಿಯನ್ನು ಬಿಗಿಯಾಗಿ ಹಿಡಿದಿಡುವ ಪಾತ್ರೆಯನ್ನು ರಚಿಸಿ ಇದನ್ನು ಸಾಧಿಸಿದನು. ನಮ್ಮ ಪ್ರೆಷರ್ ಕುಕ್ಕರ್ ಅದರ ಸಂತತಿಯೇ. ಅದರೊಳಗೆ ಒತ್ತಡ ವಾಯುಮಂಡಲದ ಸುಮಾರು ಎರಡರಷ್ಟಾಗಿ, ನೀರಿನ ಉಷ್ಣತೆ ಸುಮಾರು 120 ಡಿಗ್ರಿಗೆ ಏರುತ್ತದೆ. ಆದರೆ ಹಬ್ಬದ ಅವಸರದಲ್ಲಿ ಕುಕ್ಕರನ್ನು ಕಂಠಪೂರ್ತಿ ತುಂಬಬಾರದು. ಬೇಳೆ ಉಬ್ಬಿ ನೊರೆಗಟ್ಟುತ್ತದೆ. ನೊರೆ ಆವಿಯ ಕೊಳವೆಯನ್ನು ಮುಚ್ಚಿದರೆ ಅಪಾಯವಾದೀತು. ಬೇಳೆ, ನೀರು ಎರಡೂ ಸೇರಿ ಅರ್ಧ ಪಾತ್ರೆಯನ್ನು ಮೀರದಿರಲಿ. ಒತ್ತಡ ಪೂರ್ತಿ ಇಳಿಯುವವರೆಗೆ ಮುಚ್ಚಳಕ್ಕೆ ಬಲ ಹಾಕಬಾರದು.

ಇಷ್ಟಾದರೂ ಕೆಲವು ಮನೆಗಳಲ್ಲಿ ಬೇಳೆ ಬೇಯದು. ಇದಕ್ಕೆ ಒಲೆಯಲ್ಲ, ನೀರು ಕಾರಣವಾಗಿರಬಹುದು. ಬೇಳೆಯ ಜೀವಕೋಶಗಳನ್ನು ಪೆಕ್ಟಿನ್ ಎಂಬ ಅಂಟು ಬಂಧಿಸಿರುತ್ತದೆ. ಅದು ಕರಗಿದರೆ ಮಾತ್ರ ಬೇಳೆ ಮೆತ್ತಗಾಗುವುದು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಈ ಅಂಟನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಹುಣಸೆಯ ಹುಳಿಯೂ ಬೆಲ್ಲವೂ ಅದು ಕರಗಲು ಅಡ್ಡಿಯಾಗುತ್ತವೆ. ಬೇಳೆ ಬೆಂದ ಮೇಲೆಯೇ ಬೆಲ್ಲ ಹಾಕಬೇಕೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದು ಬರಿಯ ಸಂಪ್ರದಾಯವಲ್ಲ.

ಇನ್ನು ಕೆಲಸದ ಕ್ರಮ. ಎದ್ದೊಡನೆ ಬೇಳೆಯನ್ನು ನೆನೆಯಿಡಬೇಕು. ಒಳಗೆ ಸೇರಿದ ನೀರು ಬೇಯುವ ಹೊತ್ತನ್ನು ತಗ್ಗಿಸುತ್ತದೆ. ಅದು ನೆನೆಯುತ್ತಿರುವಾಗ ಕಣಕ ಕಲಸಿಟ್ಟರೆ ಹಿಟ್ಟು ನಾದಿದ ಬಿಗಿ ಸಡಿಲಿ, ಲಟ್ಟಿಸುವಾಗ ಹರಿಯದೆ ಹಿಗ್ಗುತ್ತದೆ. ಕೋಸಂಬರಿಯನ್ನು ಕಲಸಿದರೂ ಉಪ್ಪನ್ನು ಬಡಿಸುವ ಮುನ್ನವೇ ಹಾಕಬೇಕು. ಮೊದಲೇ ಹಾಕಿದರೆ ಅದು ಸೌತೆಕಾಯಿಯ ನೀರನ್ನು ಹೊರಗೆಳೆದು ಎಲ್ಲವನ್ನೂ ನೀರಾಗಿಸುತ್ತದೆ. ಹೀಗೆ ಹೊತ್ತನ್ನೂ ಉಷ್ಣವನ್ನೂ ಲೆಕ್ಕವಿಟ್ಟು ಬಳಸಿದರೆ, ಅಡಿಗೆ ಮಾಡಿದವರೂ ಎಲ್ಲರೊಡನೆ ಪಂಕ್ತಿಯಲ್ಲಿ ಕುಳಿತು ಬಿಸಿ ಹೋಳಿಗೆಯನ್ನು ಉಣ್ಣಬಹುದು.