ತೆರಿಗೆ ಹೆಚ್ಚಾಯ್ತಾ? ಹೆದರಬೇಡಿ, ಪ್ರಶ್ನೆ ಕೇಳಿ



ನಿಮ್ಮಲ್ಲಿ ಕೆಲವರು ಅಂಗಡಿ ಇಟ್ಟಿದ್ದೀರಿ. ಕೆಲವರು ತಿಂಡಿ ಮಾಡಿ ಮಾರುತ್ತೀರಿ. ಕೆಲವರು ಹೂವು, ತರಕಾರಿ ಮಾರುತ್ತೀರಿ. ಒಂದು ದಿನ ತೆರಿಗೆ ಇಲಾಖೆಯಿಂದ ಕಾಗದ ಬರುತ್ತದೆ. ಲೆಕ್ಕ ತಪ್ಪಾಗಿದೆ ಎಂದು ನಿಮಗೆ ಅನಿಸುತ್ತದೆ. ಆಗ ಏನು ಮಾಡುವುದು? ಹೆದರಿ ಕೂರುವುದೇ? ಕಾಗದವನ್ನು ಪೆಟ್ಟಿಗೆಯಲ್ಲಿ ಬಚ್ಚಿಡುವುದೇ? ಎರಡೂ ಬೇಡ. ಬನ್ನಿ, ತಿಳಿದುಕೊಳ್ಳೋಣ.

ಜಿ.ಎಸ್.ಟಿ. ಎಂದರೇನು?

ಸರಕು ಮತ್ತು ಸೇವಾ ತೆರಿಗೆಗೆ ಜಿ.ಎಸ್.ಟಿ. ಎನ್ನುತ್ತಾರೆ. ಇದು 2017ರ ಜುಲೈ 1ರಂದು ಜಾರಿಗೆ ಬಂತು. ಕರ್ನಾಟಕದಲ್ಲಿ ಸಾಮಾನು ಮಾರುವವರ ವ್ಯಾಪಾರ ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಮಾಡಿಸಬೇಕು. ಹೋಟೆಲಿನಂಥ ಸೇವೆಗೆ ಈ ಮಿತಿ 20 ಲಕ್ಷ. ತಾಜಾ ತರಕಾರಿಗೆ, ಹಾಲಿಗೆ ಈ ತೆರಿಗೆ ಇಲ್ಲ.

2025ರ ಜುಲೈಯಲ್ಲಿ ನಮ್ಮ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂತು. ಫೋನಿನಲ್ಲಿ ಯುಪಿಐ ಮೂಲಕ ಬಂದ ಹಣ ನೋಡಿ ಇಲಾಖೆ ಲೆಕ್ಕ ಹಾಕಿತ್ತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೂ 29 ಲಕ್ಷ ರೂಪಾಯಿಯ ನೋಟಿಸ್ ಬಂದಿತ್ತು. ಜನ ಗಾಬರಿಯಾದರು. ಕೆಲವರು "ಯುಪಿಐ ಇಲ್ಲ, ನಗದು ಮಾತ್ರ" ಎಂದು ಅಂಗಡಿ ಮುಂದೆ ಚೀಟಿ ಅಂಟಿಸಿದರು. ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಅದೇ ತಿಂಗಳು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೇಳಿದರು. ಆ ಸಲ ಹಾಗಾಯಿತು. ಆದರೆ ಪ್ರತಿ ಸಲವೂ ಹೀಗೇ ಆಗುತ್ತದೆ ಎಂದು ನಂಬಿ ಕೂರಬಾರದು. ಕಾನೂನಿನ ದಾರಿ ನಮಗೆ ಗೊತ್ತಿರಬೇಕು.

ನೋಟಿಸ್ ಬೇರೆ, ಆದೇಶ ಬೇರೆ

ಮೊದಲು ಬರುವುದು ನೋಟಿಸ್. "ನೀವು ಇಷ್ಟು ತೆರಿಗೆ ಕೊಡಬೇಕು ಅನಿಸುತ್ತದೆ. ನೀವೇನು ಹೇಳುತ್ತೀರಿ?" ಎಂದು ಅದು ಕೇಳುತ್ತದೆ. ಅಂದರೆ ಇನ್ನೂ ತೀರ್ಮಾನ ಆಗಿಲ್ಲ. ಎಷ್ಟು ದಿನದೊಳಗೆ ಉತ್ತರ ಕೊಡಬೇಕು ಎಂದು ಅದರಲ್ಲೇ ಬರೆದಿರುತ್ತದೆ.

ಉತ್ತರ ಕೊಡಲು ಒಂದು ಪೈಸೆ ಠೇವಣಿಯೂ ಬೇಡ. ಫೋನಿಗೆ ಬಂದ ಹಣವೆಲ್ಲ ವ್ಯಾಪಾರದ ಹಣ ಅಲ್ಲ, ಅಲ್ವಾ? ತಮ್ಮ ಕೊಟ್ಟ ಕೈಸಾಲ ಇರಬಹುದು. ಚೀಟಿ ಎತ್ತಿದ ಹಣ ಇರಬಹುದು. ತೆರಿಗೆ ಇಲ್ಲದ ತರಕಾರಿ, ಹಾಲಿನ ಹಣ ಇರಬಹುದು. ಇದನ್ನೆಲ್ಲ ಬರೆದು ತಿಳಿಸಿ. ಬ್ಯಾಂಕ್ ಪಾಸ್‌ಬುಕ್, ಬಿಲ್ಲು, ಲೆಕ್ಕದ ಪುಸ್ತಕ ತೋರಿಸಿ. "ನನ್ನ ಮಾತನ್ನೂ ಕೇಳಿ" ಎಂದು ವಿಚಾರಣೆಗೆ ಅವಕಾಶ ಕೇಳಿ.

ಉತ್ತರ ಕೊಡದಿದ್ದರೆ? ಅಧಿಕಾರಿ ತಮ್ಮ ಬಳಿ ಇರುವ ಲೆಕ್ಕ ನೋಡಿಯೇ ತೀರ್ಮಾನ ಮಾಡಬಹುದು. ಆಗ ಬರುವ ಕಾಗದವೇ ಆದೇಶ.

ಆದೇಶ ತಪ್ಪಾಗಿದ್ದರೆ?

ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕಬಹುದು. ಆದೇಶ ಕೈಗೆ ಬಂದ ದಿನದಿಂದ 3 ತಿಂಗಳೊಳಗೆ ಹಾಕಬೇಕು. ತಡವಾಗಲು ಸರಿಯಾದ ಕಾರಣ ಇದ್ದರೆ ಇನ್ನೊಂದು ತಿಂಗಳು ಸಿಗಬಹುದು. ಆಮೇಲೆ ಸಿಗುವುದಿಲ್ಲ.

ಮೇಲ್ಮನವಿ ಹಾಕುವ ಮೊದಲು ಹಣ ಕಟ್ಟಬೇಕು. ನೀವು ಒಪ್ಪಿಕೊಂಡ ಭಾಗವನ್ನು ಪೂರ್ತಿ ಕಟ್ಟಬೇಕು. ಒಪ್ಪದ ತೆರಿಗೆಯಲ್ಲಿ ನೂರಕ್ಕೆ 10 ರೂಪಾಯಿ ಕಟ್ಟಬೇಕು. ಈ ಹತ್ತರಲ್ಲಿ ಒಂದು ಪಾಲೇ ಠೇವಣಿ.

ಒಬ್ಬ ಅಕ್ಕ ಬೇಕರಿ ನಡೆಸುತ್ತಾಳೆ ಎಂದುಕೊಳ್ಳಿ. ಬಡ್ಡಿ, ದಂಡ ಬಿಟ್ಟು ಬರೀ ತೆರಿಗೆಯ ಲೆಕ್ಕ ನೋಡೋಣ.

ಆದೇಶದಲ್ಲಿರುವ ತೆರಿಗೆ: 1,00,000 ರೂ.
ಅಕ್ಕ ಒಪ್ಪಿದ್ದು: 20,000 ರೂ.
ಒಪ್ಪದೇ ಇರುವುದು: 80,000 ರೂ.
ಅದಕ್ಕೆ ಠೇವಣಿ: 8,000 ರೂ.
ಈಗ ಕಟ್ಟಬೇಕಾದ್ದು: 28,000 ರೂ.

ಉಳಿದ 72,000 ರೂಪಾಯಿಯನ್ನು ಮೇಲ್ಮನವಿ ತೀರ್ಮಾನ ಆಗುವವರೆಗೆ ವಸೂಲಿ ಮಾಡುವಂತಿಲ್ಲ.

ಠೇವಣಿ ದಂಡ ಅಲ್ಲ. ಅಕ್ಕ ಪೂರ್ತಿ ಗೆದ್ದರೆ 8,000 ರೂಪಾಯಿ ಬಡ್ಡಿ ಸಮೇತ ವಾಪಸು ಬರಬೇಕು. ಅದಕ್ಕೆ ಅರ್ಜಿ ಹಾಕಬೇಕು. ಸೋತರೆ 8,000 ತೆರಿಗೆಗೆ ಜಮಾ. ಉಳಿದದ್ದನ್ನು ಬಡ್ಡಿ, ದಂಡ ಇದ್ದರೆ ಅದನ್ನೂ ಸೇರಿಸಿ ಕಟ್ಟಬೇಕು. ಇಲ್ಲವೇ ಇನ್ನೂ ಮೇಲಿನ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿಗೆ ಮತ್ತೆ ನೂರಕ್ಕೆ 10ರಂತೆ ಠೇವಣಿ ಇಡಬೇಕು.

"ನಾನು ಬಡವಿ, ಠೇವಣಿ ಬಿಟ್ಟುಬಿಡಿ" ಎಂದರೆ?

ತೆರಿಗೆ ಕಟ್ಟದೆ ದಿನ ದೂಡಲು ಯಾರೂ ಸುಮ್ಮನೆ ಮೇಲ್ಮನವಿ ಹಾಕಬಾರದು ಎಂದು ಈ ನಿಯಮ ಮಾಡಿದ್ದಾರೆ. ಆದರೆ ಬಡವರಿಗೆ ಇದು ಭಾರವೇ. ಎಂಟು ಸಾವಿರಕ್ಕೆ ಕೆಲವರು ಓಲೆ ಅಡವಿಡಬೇಕಾದೀತು. ಆದರೂ ಠೇವಣಿಯನ್ನು ಮನ್ನಾ ಮಾಡುವ ಅಧಿಕಾರವನ್ನು ಕಾನೂನು ಮೇಲ್ಮನವಿ ಅಧಿಕಾರಿಗೆ ಕೊಟ್ಟಿಲ್ಲ.

ಅದಕ್ಕೇ ನೋಟಿಸ್ ಬಂದಾಗಲೇ ಎಚ್ಚರಾಗಬೇಕು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ? ಆಗ ಒಂದು ಉತ್ತರ ಸಾಕು. ಆಮೇಲೆ ಠೇವಣಿ ಬೇಕು.

ಸಹಾಯ ಎಲ್ಲಿ ಸಿಗುತ್ತದೆ?

ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಅದು ನ್ಯಾಯಾಲಯದ ಆವರಣದಲ್ಲಿ ಇರುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸರು ಉಚಿತ ಕಾನೂನು ನೆರವು ಕೇಳಬಹುದು. ಆದಾಯ ಎಷ್ಟು ಎಂಬುದು ಅಡ್ಡಿಯಲ್ಲ.

ನೆನಪಿಡಿ

1. ಕಾಗದ ನೋಟಿಸೋ, ಆದೇಶವೋ ಓದಿ ನೋಡಿ.
2. ಕಾಗದ ಕೈಗೆ ಬಂದ ತಾರೀಖು ಬರೆದಿಡಿ.
3. ನೋಟಿಸಿಗೆ ತಪ್ಪದೆ ಉತ್ತರ ಕೊಡಿ. ಅದರ ನಕಲು ಇಟ್ಟುಕೊಳ್ಳಿ.
4. ಠೇವಣಿಯನ್ನು ಚಲನ್ ಮೂಲಕವೇ ಕಟ್ಟಿ. ದಲ್ಲಾಳಿ ಕೈಗೆ ನಗದು ಕೊಡಬೇಡಿ.
5. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ.

ಲೆಕ್ಕ ಮಾಡಿ

ಆದೇಶದಲ್ಲಿರುವ ತೆರಿಗೆ 50,000 ರೂ. ನೀವು ಒಪ್ಪಿದ್ದು 10,000 ರೂ. ಠೇವಣಿ ಎಷ್ಟು? ಒಟ್ಟು ಎಷ್ಟು ಕಟ್ಟಬೇಕು?

(ಉತ್ತರ: ಠೇವಣಿ 4,000 ರೂ. ಒಟ್ಟು 14,000 ರೂ.)