ಹೆಸರು ಹಲವು, ಸಂಕೇತ ಒಂದೇ: ಆರೋಗ್ಯ ದಾಖಲೆಗಳ ಸಮಾನ ಪರಿಭಾಷೆ

ಒಬ್ಬ ವೈದ್ಯರು ‘ಹಾರ್ಟ್ ಅಟ್ಯಾಕ್’ ಎಂದೂ, ಇನ್ನೊಬ್ಬರು ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಎಂದೂ, ಮತ್ತೊಬ್ಬರು ಬರಿಯ ‘ಎಂಐ’ ಎಂದೂ ಬರೆಯುವುದು ಒಂದೇ ಹೃದಯಾಘಾತವನ್ನು. ಆದರೆ ಕಂಪ್ಯೂಟರಿನ ಪಾಲಿಗೆ ಅವು ಮೂರು ಬೇರೆ ಬೇರೆ ಅಕ್ಷರಸಾಲುಗಳಾಗಿಯೇ ಉಳಿಯುತ್ತವೆ. ಈ ತೊಡಕನ್ನು ನಿವಾರಿಸಲು ರೂಪುಗೊಂಡಿರುವುದೇ ಪ್ರಮಾಣೀಕೃತ ವೈದ್ಯಕೀಯ ಪರಿಭಾಷೆ, ಅಂದರೆ ಪ್ರತಿಯೊಂದು ರೋಗ, ಲಕ್ಷಣ ಹಾಗೂ ಚಿಕಿತ್ಸೆಗೆ ಖಚಿತ ಅರ್ಥವನ್ನೂ ಸ್ಥಿರ ಸಂಖ್ಯೆಯನ್ನೂ ಗೊತ್ತುಪಡಿಸುವ ವ್ಯವಸ್ಥೆ.

ಅಮೆರಿಕ ಮತ್ತು ಬ್ರಿಟನ್‌ಗಳ ಎರಡು ಪರಿಭಾಷಾ ಸಂಗ್ರಹಗಳು 2002ರಲ್ಲಿ ಒಂದುಗೂಡಿದಾಗ ಹುಟ್ಟಿದ ‘ಸ್ನೊಮೆಡ್ ಸಿಟಿ’ಯಲ್ಲಿ ಹೃದಯಾಘಾತದ ಸಂಖ್ಯೆ 22298006. ಮೇಲಿನ ಮೂರೂ ಹೆಸರುಗಳು ಈ ಒಂದೇ ಸಂಖ್ಯೆಗೆ ಸೇರುತ್ತವೆಯಲ್ಲದೆ, ಅದು ಹೃದ್ರೋಗದ ಒಂದು ಬಗೆ ಎಂಬ ಸಂಬಂಧವೂ ಅಲ್ಲಿ ಅಡಕವಾಗಿರುವುದರಿಂದ, ಹೃದ್ರೋಗಿಗಳೆಲ್ಲರ ದಾಖಲೆಗಳನ್ನು ಹುಡುಕುವಾಗ ಹೃದಯಾಘಾತವಾದವರ ದಾಖಲೆಗಳೂ ತಪ್ಪದೆ ಸಿಗುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ ‘ಐಸಿಡಿ’ಯ ಉದ್ದೇಶ ಬೇರೆ: ರೋಗ ಮತ್ತು ಮರಣಗಳನ್ನು ವರ್ಗಗಳಾಗಿ ವಿಂಗಡಿಸಿ ಅಂಕಿಅಂಶಗಳನ್ನು ಒದಗಿಸುವ ಈ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ತೀವ್ರ ಹೃದಯಾಘಾತವು ‘ಐ21’ ಎಂಬ ವರ್ಗಕ್ಕೆ ಸೇರುತ್ತದೆ. ಪ್ರಯೋಗಾಲಯದ ಪರೀಕ್ಷೆಗಳನ್ನು ಗುರುತಿಸಲು 1994ರಲ್ಲಿ ಆರಂಭವಾದ ‘ಲಾಯಿಂಕ್’ ಎಂಬ ಮತ್ತೊಂದು ಸಂಕೇತಮಾಲೆಯಿದೆ.

ಭಾರತವು 2014ರಲ್ಲಿ ಸ್ನೊಮೆಡ್ ಸಿಟಿಯನ್ನು ನಿರ್ವಹಿಸುವ ಅಂತರರಾಷ್ಟ್ರೀಯ ಸಂಸ್ಥೆಯ ಸದಸ್ಯತ್ವ ಪಡೆದುದರಿಂದ ದೇಶದೊಳಗೆ ಅದರ ಬಳಕೆಗೆ ಶುಲ್ಕವಿಲ್ಲ. ಆದರೆ ಒಂದು ಊರಿನಲ್ಲಿ ದಾಖಲಾದ ಪೆನಿಸಿಲಿನ್ ಅಲರ್ಜಿಯು ಇನ್ನೊಂದು ಊರಿನ ಆಸ್ಪತ್ರೆಯ ತಂತ್ರಾಂಶಕ್ಕೂ ಅರ್ಥವಾಗಿ, ಅಪಾಯಕಾರಿ ಔಷಧವನ್ನು ಬರೆಯುವ ಮೊದಲೇ ಆ ತಂತ್ರಾಂಶವು ವೈದ್ಯರನ್ನು ಎಚ್ಚರಿಸಬೇಕಾದರೆ, ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದರಷ್ಟೇ ಸಾಲದು. ಎಲ್ಲ ಆಸ್ಪತ್ರೆಗಳೂ ಅವುಗಳನ್ನು ಈ ಸಮಾನ ಸಂಕೇತಗಳಲ್ಲಿಯೇ ದಾಖಲಿಸಬೇಕು.